ರೋಮಿನ ಸೈನಿಕನೂ ಅವನ ಹೊಲವೂ

ರೋಮಿನ ಗಣರಾಜ್ಯವು ಅಳಿದು ಚಕ್ರಾಧಿಪತ್ಯವು ಹುಟ್ಟಿದ ಬಗೆಯನ್ನು ವಿವರಿಸುವಾಗ ಸೀಸರನ ಮಹತ್ತ್ವಾಕಾಂಕ್ಷೆಯನ್ನೂ ಬ್ರೂಟಸನ ಕಠಾರಿಯನ್ನೂ ಮುಂದಿಡುವುದು ವಾಡಿಕೆಯಾಗಿದೆ. ನಾಟಕಕ್ಕೆ ಅವು ಒಪ್ಪತಕ್ಕವುಗಳೇ ಸರಿ. ಆದರೆ ಸುಮಾರು ಐದು ಶತಮಾನಗಳ ಕಾಲ ನಿಂತ ರಾಜ್ಯವ್ಯವಸ್ಥೆಯು ಒಬ್ಬನ ಆಸೆಯಿಂದ ಕುಸಿದು ಬೀಳಲಾರದು. ದಂಡಿನಿಂದ ಮರಳಿದ ಸೈನಿಕನಿಗೆ ಜೀವನೋಪಾಯವನ್ನು ಕಲ್ಪಿಸಿಕೊಡುವವರು ಯಾರು ಎಂಬ ಪ್ರಶ್ನೆಗೆ ಸೆನೇಟು ಉತ್ತರ ಕೊಡದೆ ಹೋದುದೇ ಆ ಕುಸಿತಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಸಂಪ್ರದಾಯದ ಪ್ರಕಾರ ಕ್ರಿ. ಪೂ. ೫೦೯ರಲ್ಲಿ ರೋಮನರು ತಮ್ಮ ಕೊನೆಯ ಅರಸನನ್ನು ಹೊರಗಟ್ಟಿ, ವರ್ಷಕ್ಕೆ ಇಬ್ಬರಂತೆ ಕಾನ್ಸಲರನ್ನು ಆರಿಸುವ ಪದ್ಧತಿಯನ್ನು ತಂದರು. ಹಿರಿಯ ಮನೆತನಗಳವರ ಸಭೆಯಾದ ಸೆನೇಟು ಅವರಿಗೆ ಆಲೋಚನೆ ಹೇಳುತ್ತಿದ್ದಿತು. ಸಾಮಾನ್ಯ ಜನರ ರಕ್ಷಣೆಗಾಗಿ ಟ್ರಿಬ್ಯೂನರೆಂಬ ಅಧಿಕಾರಿಗಳಿದ್ದರು. ಆ ಕಾಲದಲ್ಲಿ ಆಸ್ತಿಯುಳ್ಳವನೇ ಸೈನಿಕನು. ಪ್ರಜೆಗಳನ್ನು ಆಸ್ತಿಗನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿದ್ದರು. ಆಯುಧವನ್ನು ಅವರವರೇ ತರಬೇಕು. ಏನೂ ಇಲ್ಲದವನನ್ನು ದಂಡಿಗೆ ಕರೆಯುತ್ತಿರಲಿಲ್ಲ. ವಸಂತದಲ್ಲಿ ಹೊರಟವನು ಬಿತ್ತನೆಯ ಹೊತ್ತಿಗೆ ಮನೆಗೆ ಮರಳುವನು. ಸಿಂಸಿನೇಟಸನು ನೇಗಿಲನ್ನು ಬಿಟ್ಟು ಬಂದು, ಶತ್ರುವನ್ನು ಗೆದ್ದು, ಹದಿನಾರನೆಯ ದಿನ ಸರ್ವಾಧಿಕಾರವನ್ನು ಒಪ್ಪಿಸಿ ತನ್ನ ಹೊಲಕ್ಕೆ ಹಿಂದಿರುಗಿದನೆಂಬ ಕಥೆಯು ನಿಜವಿರಲಿ ಇಲ್ಲದಿರಲಿ, ರೋಮನರು ತಮ್ಮ ಪೂರ್ವಜರನ್ನು ಹೇಗೆ ಭಾವಿಸಿಕೊಂಡಿದ್ದರೆಂಬುದನ್ನು ತೋರಿಸುತ್ತದೆ.

ಯುದ್ಧವು ಸಮುದ್ರವನ್ನು ದಾಟಿದೊಡನೆ ಈ ಏರ್ಪಾಡು ಸಡಿಲವಾಯಿತು. ಕ್ರಿ. ಪೂ. ೨೧೮ರಲ್ಲಿ ಹ್ಯಾನಿಬಾಲನು ಇಟಲಿಗೆ ಇಳಿದು ಸುಮಾರು ಹದಿನೈದು ವರ್ಷ ಅಲ್ಲಿಯೇ ನಿಂತನು. ಅನಂತರ ಸ್ಪೇನು, ಗ್ರೀಸು, ಆಫ್ರಿಕಗಳಲ್ಲಿ ಕಾಳಗ. ವರ್ಷಗಟ್ಟಲೆ ದೂರವಿದ್ದ ಒಕ್ಕಲಿಗನ ಹೊಲವು ಬೀಳುಬಿದ್ದು, ಅದನ್ನೂ ರಾಜ್ಯದ ಸ್ವತ್ತಾಗಿದ್ದ ಭೂಮಿಯನ್ನೂ ಸಿರಿವಂತರು ಸೇರಿಸಿಕೊಂಡು ಗುಲಾಮರಿಂದ ಸಾಗುವಳಿ ಮಾಡಿಸಿದರೆಂದು ಪ್ರಾಚೀನ ಲೇಖಕರು ಬರೆದಿದ್ದಾರೆ. ಸಣ್ಣ ಹಿಡುವಳಿಗಳು ಎಲ್ಲೆಡೆಯೂ ಅಳಿದುಹೋಗಲಿಲ್ಲವೆಂದು ಈಚಿನ ಭೂಶೋಧನೆಗಳಿಂದ ತಿಳಿದುಬಂದಿದೆ. ಆದರೂ ಭೂಮಿಯಿಲ್ಲದೆ ಅಲೆಯುವವರ ಸಂಖ್ಯೆ ಹೆಚ್ಚಿತೆಂಬ ಭೀತಿಯು ಆ ಕಾಲದವರಲ್ಲಿ ನಿಜವಾಗಿಯೂ ಇದ್ದಿತು.

ಆ ಭೀತಿಯೇ ಕ್ರಿ. ಪೂ. ೧೩೩ರಲ್ಲಿ ಟ್ರಿಬ್ಯೂನನಾದ ಟೈಬೀರಿಯಸ್ ಗ್ರಾಕಸನನ್ನು ಪ್ರೇರಿಸಿದುದು. ಈತನು ಕುಲೀನನು, ಹ್ಯಾನಿಬಾಲನನ್ನು ಸೋಲಿಸಿದ ಸಿಪಿಯೋವಿನ ಮಗಳ ಮಗನು. ರಾಜ್ಯದ ಭೂಮಿಯಲ್ಲಿ ಯಾರೂ ೫೦೦ ಯೂಗೆರಕ್ಕಿಂತ, ಎಂದರೆ ಸುಮಾರು ೩೧೦ ಎಕರೆಗಿಂತ, ಹೆಚ್ಚು ಇಟ್ಟುಕೊಳ್ಳಬಾರದೆಂಬ ಹಳೆಯ ಮಿತಿಯನ್ನು ಮತ್ತೆ ಜಾರಿಗೆ ತಂದು, ಉಳಿದುದನ್ನು ಬಡವರಿಗೆ ಹಂಚಬೇಕೆಂದು ಅವನು ಸೂಚಿಸಿದನು. ಇದರಲ್ಲಿ ಯಾರ ಸ್ವಂತ ಆಸ್ತಿಗೂ ಕೈಯಿಡುವ ಮಾತಿರಲಿಲ್ಲ. ಆದರೂ ಸಹೋದ್ಯೋಗಿಯಾದ ಆಕ್ಟೇವಿಯಸನು ಅಡ್ಡಿಮಾಡಿದನು; ಗ್ರಾಕಸನು ಜನಸಭೆಯಿಂದ ಅವನನ್ನು ಪದಚ್ಯುತಗೊಳಿಸಿ ಶಾಸನವನ್ನು ಸಾಧಿಸಿದನು. ಇದು ಪದ್ಧತಿಗೆ ವಿರುದ್ಧವೇ ಹೌದು. ಆದರೆ ಸೆನೇಟರು ಕೊಟ್ಟ ಉತ್ತರವು ಯಾವ ಪದ್ಧತಿಗೆ ಸೇರಿದುದು? ಮರುಚುನಾವಣೆಯ ದಿನ ಅವರು ಮುರಿದ ಪೀಠಗಳ ಕಾಲುಗಳನ್ನು ಹಿಡಿದು ಬಂದು ಗ್ರಾಕಸನನ್ನೂ ಸುಮಾರು ಮುನ್ನೂರು ಮಂದಿಯನ್ನೂ ಬಡಿದು ಕೊಂದು, ಹೆಣಗಳನ್ನು ಟೈಬರ್ ನದಿಗೆ ಎಸೆಯಿಸಿದರು. ಹನ್ನೆರಡು ವರ್ಷಗಳ ತರುವಾಯ ಅವನ ತಮ್ಮನಾದ ಗೇಯಸನಿಗೂ ಇದೇ ಗತಿಯಾಯಿತು.

ಒಕ್ಕಲಿಗರು ಸಾಲದೆ ಹೋದುದರಿಂದ ಕ್ರಿ. ಪೂ. ೧೦೭ರಲ್ಲಿ ಕಾನ್ಸಲನಾದ ಮೇರಿಯಸನು ಆಸ್ತಿಯನ್ನು ನೋಡದೆ, ಬರಲೊಪ್ಪಿದ ಬಡವರನ್ನೆಲ್ಲ ದಂಡಿಗೆ ಸೇರಿಸಿದನು. ಆಸ್ತಿಯ ಮಿತಿಯು ಮೊದಲೇ ಇಳಿಯುತ್ತ ಬಂದಿದ್ದುದರಿಂದ ಇದು ಒಮ್ಮೆಲೇ ಆದ ಕ್ರಾಂತಿಯಲ್ಲ. ಆದರೆ ಇಂಥ ಸೈನಿಕನಿಗೆ ಯುದ್ಧ ಮುಗಿದ ಮೇಲೆ ಹಿಂದಿರುಗಲು ಹೊಲವಿಲ್ಲ; ಸೆನೇಟು ಕೊಡುವುದೂ ಇಲ್ಲ; ಕೊಡಿಸಬಲ್ಲವನು ಸೇನಾಪತಿಯೊಬ್ಬನೇ. ಕ್ರಿ. ಪೂ. ೮೮ರಲ್ಲಿ ಪೂರ್ವದೇಶದ ದಂಡಯಾತ್ರೆಯ ನಾಯಕತ್ವವನ್ನು ಸುಲ್ಲನಿಂದ ಕಿತ್ತು ಮೇರಿಯಸನಿಗೆ ಕೊಟ್ಟಾಗ, ಸುಲ್ಲನು ತನ್ನ ದಂಡನ್ನು ರೋಮಿನ ಮೇಲೆಯೇ ತಿರುಗಿಸಿದನು. ಅವನ ಹಿರಿಯ ಅಧಿಕಾರಿಗಳಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಅವನನ್ನು ಬಿಟ್ಟುಹೋದರು. ಸೈನಿಕರು ಮಾತ್ರ ಬಿಡಲಿಲ್ಲ.

ಇಷ್ಟಾದರೂ ಸೆನೇಟು ಕಲಿಯಲಿಲ್ಲ. ಕ್ರಿ. ಪೂ. ೬೨ರಲ್ಲಿ ಪೂರ್ವವನ್ನು ಗೆದ್ದು ಬಂದ ಪಾಂಪಿಯು ಇಟಲಿಯ ನೆಲವನ್ನು ಮೆಟ್ಟಿದೊಡನೆ ಮರ್ಯಾದೆಯಿಂದ ತನ್ನ ದಂಡನ್ನು ಚದುರಿಸಿ, ಸೈನಿಕರಿಗೆ ಭೂಮಿಯನ್ನು ಬೇಡಿದನು. ಸಭೆಯವರು ಮಾತನ್ನು ಎಳೆದು ಎಳೆದು ತಡೆದರು. ಅದನ್ನು ನಡೆಯಿಸಿಕೊಟ್ಟವನು ಕ್ರಿ. ಪೂ. ೫೯ರ ಕಾನ್ಸಲನಾದ ಸೀಸರನು. ಮುಂದಿನ ಕಥೆಯನ್ನು ಎಲ್ಲರೂ ಬಲ್ಲರು. ಸೀಸರನ ಕೊಲೆಯ ತರುವಾಯ ಗೆದ್ದವರು ಇಟಲಿಯ ಹದಿನೆಂಟು ಪಟ್ಟಣಗಳ ಭೂಮಿಯನ್ನು ತಮ್ಮ ಸೈನಿಕರಿಗೆಂದು ಗೊತ್ತುಮಾಡಿ, ಅಲ್ಲಿನ ಒಕ್ಕಲುಗಳನ್ನು ಎಬ್ಬಿಸಿದರು. ಆ ಗೋಳು ವರ್ಜಿಲನ ಗೋಪಗೀತಗಳಲ್ಲಿಯೂ ಕೇಳಬರುತ್ತದೆ.

ಆಗಸ್ಟಸನ ಜಾಣತನವೆಲ್ಲವೂ ಸೆನೇಟನ್ನೂ ಕಾನ್ಸಲರನ್ನೂ ಹೆಸರಿಗೆ ಉಳಿಸಿಕೊಂಡುದರಲ್ಲಿದೆಯೆಂದು ಹೇಳುವುದುಂಟು. ನಮಗೆ ಕಾಣುವ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸವು ಬೇರೊಂದು. ಸೈನಿಕರಿಗಾಗಿ ಇಟಲಿಯಲ್ಲಿ ಭೂಮಿಯನ್ನು ಕೊಳ್ಳಲು ಸುಮಾರು ೬೦ ಕೋಟಿ ಸೆಸ್ಟರ್ಸುಗಳನ್ನೂ ಪ್ರಾಂತಗಳಲ್ಲಿ ಸುಮಾರು ೨೬ ಕೋಟಿಗಳನ್ನೂ ತೆತ್ತೆನೆಂದು ಅವನೇ ತನ್ನ ಶಾಸನದಲ್ಲಿ ಬರೆಯಿಸಿದ್ದಾನೆ. ಸೈನಿಕನ ವರ್ಷದ ಸಂಬಳವು ೨೨೫ ದಿನಾರಿಯಸ್. (ಈ ಬೆಳ್ಳಿಯ ನಾಣ್ಯವು ನಮ್ಮ ನಾಡಿಗೂ ಹೊಸದಲ್ಲ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಆ ಕಾಲದ ದಿನಾರಿಯಸ್‌ಗಳು ದೊರೆತಿವೆ.) ಕ್ರಿ. ಶ. ೬ರಲ್ಲಿ ಅವನು ಸೈನಿಕರ ಭಂಡಾರವೊಂದನ್ನು ಸ್ಥಾಪಿಸಿ, ೧೭ ಕೋಟಿ ಸೆಸ್ಟರ್ಸುಗಳನ್ನು ಕೈಯಿಂದ ಹಾಕಿ, ಪಿತ್ರಾರ್ಜಿತದ ಮೇಲೆ ನೂರಕ್ಕೆ ಐದರಂತೆಯೂ ಹರಾಜಿನ ಮೇಲೆ ನೂರಕ್ಕೆ ಒಂದರಂತೆಯೂ ತೆರಿಗೆ ವಿಧಿಸಿದನು. ಸೆನೇಟರು ಗೊಣಗಿದರು. ಬೇರೆ ದಾರಿಯಿದ್ದರೆ ಸೂಚಿಸಿರೆಂದು ಅವನು ಕೇಳಿ, ಭೂಕಂದಾಯವನ್ನು ಹಾಕುವ ಸುಳಿವನ್ನು ಕೊಟ್ಟೊಡನೆ ಸುಮ್ಮನಾದರು. ನೂರು ವರ್ಷ ಮೊದಲೇ ಇಷ್ಟು ತೆರಿಗೆಗೆ ಒಪ್ಪಿದ್ದರೆ ಅವರ ಅಧಿಕಾರವು ಅವರಲ್ಲಿಯೇ ಉಳಿಯುತ್ತಿದ್ದಿತೋ ಏನೋ.

ಸಂಬಳವೂ ನಿವೃತ್ತಿಯ ಧನವೂ ಚಕ್ರವರ್ತಿಯ ಹೆಸರಿನಲ್ಲಿ ಬಂದುದರಿಂದ ಸೈನಿಕನ ನಿಷ್ಠೆಯೂ ಅತ್ತಲೇ ಹರಿಯಿತು. ಕ್ರಿ. ಶ. ೧೪ರಲ್ಲಿ ಅಧಿಕಾರಿಗಳ ಆಯ್ಕೆಯನ್ನು ಜನಸಭೆಯಿಂದ ಸೆನೇಟಿಗೆ ವರ್ಗಾಯಿಸಿದಾಗ ಜನರು ಕೊಂಚ ಗೊಣಗಿದುದಷ್ಟೇ. ಎರಡು ಶತಮಾನಗಳ ಬಳಿಕ, ೧೯೩ರಲ್ಲಿ, ಅರಮನೆಯ ಕಾವಲುಪಡೆಯವರು ಚಕ್ರವರ್ತಿಯಾದ ಪರ್ಟಿನಾಕ್ಸನನ್ನು ಕೊಂದು ಸಿಂಹಾಸನವನ್ನೇ ಹರಾಜಿಗಿಟ್ಟರು. ತಲೆಗೆ ೨೫,೦೦೦ ಸೆಸ್ಟರ್ಸುಗಳನ್ನು ಕೂಗಿದ ಡಿಡಿಯಸ್ ಜೂಲಿಯಾನಸನು ಅದನ್ನು ಪಡೆದನು. ಅವನು ಆಳಿದುದು ಅರುವತ್ತಾರು ದಿನ. ಡ್ಯಾನ್ಯೂಬ್ ತೀರದ ದಂಡಿನೊಡನೆ ಸೆವೆರಸನು ಬರುತ್ತಿರುವನೆಂದು ತಿಳಿದೊಡನೆ ಸೆನೇಟು ಜೂಲಿಯಾನಸನಿಗೆ ಮರಣದಂಡನೆಯನ್ನು ವಿಧಿಸಿತು. ಊರೊಳಗೆ ಕಾಲಿಡುವ ಮೊದಲೇ ಸೆವೆರಸನು ಆ ಕಾವಲುಪಡೆಯವರ ಆಯುಧಗಳನ್ನು ಕಸಿದುಕೊಂಡು ಅವರನ್ನು ಓಡಿಸಿ, ಅವರ ಸ್ಥಾನಕ್ಕೆ ತನ್ನ ಸೈನಿಕರನ್ನೇ ತಂದು ನಿಲ್ಲಿಸಿದನು.