ಒಂದು ಟೀ ಕಪ್ಪು, 22 ಎಪಿಸೋಡು, ಖಾಲಿಯಾದ ಹಾಡಿನ ಸ್ಟಾಕು

ಇವತ್ತಿನ ಇತಿಹಾಸ ಒಂದು ಟೀ ಕಪ್ಪಿನಿಂದ ಶುರು.

ನ್ಯೂಯಾರ್ಕಿನಲ್ಲಿ ಒಂದು ಹಳೇ ಬಾಡಿಗೆ ಮನೆ. ಅಲ್ಲಿ ನ್ಯೂಜಿಲೆಂಡಿನಿಂದ ಬಂದ ಇಬ್ಬರು ಗೆಳೆಯರು, ಇಬ್ಬರಿಗೂ ಸೇರಿ ಒಂದೇ ಕಪ್ಪು. ಟೀ ಯಾರು ಯಾವಾಗ ಕುಡೀಬೇಕು ಅನ್ನೋದಕ್ಕೂ ಸರದಿ. ಒಂದು ದಿನ ಒಬ್ಬನಿಗೆ ಬೇಜಾರಾಗಿ 2 ಡಾಲರ್ 79 ಸೆಂಟ್ ಕೊಟ್ಟು ಇನ್ನೊಂದು ಕಪ್ಪು ತರ್ತಾನೆ. ಅಷ್ಟೇ, ಆ ಚಿಲ್ಲರೆ ಖರ್ಚಿಗೆ ಬ್ಯಾಂಕಿನ ಲೆಕ್ಕ ತಪ್ಪಿ, ಬಿಲ್ಲುಗಳು ಒಂದರ ಹಿಂದೆ ಒಂದು ಬಾಕಿ ಬಿದ್ದು, ಇಬ್ಬರ ಬದುಕೂ ಬೀದಿಗೆ ಬರೋ ಹಾಗಾಗುತ್ತೆ. ಬಿಕಾಂನಲ್ಲಿ ಮೂರು ವರ್ಷ ಕ್ಯಾಶ್ ಫ್ಲೋ ಓದಿದೀನಿ. ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದು 'ಫ್ಲೈಟ್ ಆಫ್ ದಿ ಕಾಂಕಾರ್ಡ್ಸ್' ಅನ್ನೋ ಕಾಮಿಡಿ ಸರಣಿಯ ಎರಡನೇ ಸೀಸನ್ನಿನ ಒಂದು ಎಪಿಸೋಡು. ಎಚ್‌ಬಿಒ ಚಾನೆಲ್‌ನಲ್ಲಿ 2007ರಿಂದ 2009ರವರೆಗೆ ಬಂತು. ಒಟ್ಟು ಎಪಿಸೋಡು 22 ಮಾತ್ರ. ಇಷ್ಟು ಚಿಕ್ಕದೊಂದು ಸರಣಿ ಇವತ್ತಿಗೂ ಯಾಕೆ ಜನರನ್ನ ಹಿಡಿದಿಟ್ಟುಕೊಂಡಿದೆ, ಮತ್ತೆ ಅಷ್ಟು ಬೇಗ ಯಾಕೆ ನಿಂತುಹೋಯ್ತು? ನನ್ನ ಪ್ರಕಾರ ಎರಡೂ ಪ್ರಶ್ನೆಗೆ ಉತ್ತರ ಒಂದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್. ಅಲ್ಲಿನ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಬ್ರೆಟ್ ಮೆಕೆಂಜಿ ಮತ್ತು ಜೆಮೇನ್ ಕ್ಲೆಮೆಂಟ್ ಪರಿಚಯ ಆದ್ರು. ಒಂದೇ ಮನೆಯಲ್ಲಿದ್ದ ಇವರು 1998ರಲ್ಲಿ ಎರಡು ಗಿಟಾರ್ ಹಿಡಿದು ಒಂದು ಜೋಡಿ ಕಟ್ಟಿದ್ರು. ತಮ್ಮನ್ನ ತಾವೇ ನ್ಯೂಜಿಲೆಂಡಿನ ನಾಲ್ಕನೇ ಅತ್ಯಂತ ಜನಪ್ರಿಯ ಜಾನಪದ-ಕಾಮಿಡಿ ಜೋಡಿ ಅಂತ ಪರಿಚಯ ಮಾಡ್ಕೊಳ್ತಿದ್ರು. ನಂಬರ್ ಒನ್ ಅನ್ನೋರನ್ನ ದಿನಾ ನೋಡ್ತೀವಿ. ನಾಲ್ಕನೇ ಸ್ಥಾನವನ್ನ ಎದೆ ತಟ್ಟಿ ಹೇಳ್ಕೊಳ್ಳೋರು ಅಪರೂಪ.

ಎಡಿನ್‌ಬರೋದ ಫ್ರಿಂಜ್ ಉತ್ಸವಕ್ಕೆ ಹೋದ್ರು. 2003ರಲ್ಲಿ ಅಲ್ಲಿನ ಪೆರಿಯರ್ ಕಾಮಿಡಿ ಪ್ರಶಸ್ತಿಗೆ ನಾಮನಿರ್ದೇಶನ ಆಯ್ತು. 2005ರಲ್ಲಿ ಬಿಬಿಸಿ ರೇಡಿಯೋ 2ರಲ್ಲಿ ಆರು ಕಂತಿನ ಸರಣಿ ಬಂತು. ಲಂಡನ್ನಿನಲ್ಲಿ ಅದೃಷ್ಟ ಹುಡುಕೋ ಇಬ್ಬರು ಸೋತ ಸಂಗೀತಗಾರರ ಕಥೆ ಅದು. ಅದೇ ಕಥೆಯನ್ನ ನ್ಯೂಯಾರ್ಕಿಗೆ ಸಾಗಿಸಿ, ನಿರ್ದೇಶಕ ಜೇಮ್ಸ್ ಬಾಬಿನ್ ಜೊತೆ ಸೇರಿ ಟಿವಿಗೆ ಕಟ್ಟಿದ್ರು. 2007ರ ಜೂನ್ 10ಕ್ಕೆ ಎಚ್‌ಬಿಒದ ದೊಡ್ಡ ಹೆಮ್ಮೆ 'ದಿ ಸೊಪ್ರಾನೋಸ್' ಮುಗೀತು. ಸರಿಯಾಗಿ ಒಂದು ವಾರಕ್ಕೆ, ಜೂನ್ 17ಕ್ಕೆ, ಈ ಇಬ್ಬರು ಬಡಪಾಯಿಗಳು ತೆರೆಗೆ ಬಂದ್ರು.

ಕಥೆಯಲ್ಲಿ ಇವರ ಮ್ಯಾನೇಜರ್ ಹೆಸರು ಮರ್ರೆ. ರಿಸ್ ಡಾರ್ಬಿ ಆ ಪಾತ್ರ ಮಾಡಿದ್ರು. ನ್ಯೂಜಿಲೆಂಡ್ ಕಾನ್ಸುಲೇಟಿನಲ್ಲಿ ನೌಕರಿ, ಬಿಡುವಿದ್ದಾಗ ಬ್ಯಾಂಡ್ ಉದ್ಧಾರ. ರೂಮಿನಲ್ಲಿ ಇರೋದೇ ಮೂರು ಜನ, ಆದ್ರೂ ಮೀಟಿಂಗ್ ಅಂದ್ರೆ ಮೊದಲು ಹಾಜರಿ ಕೂಗಲೇಬೇಕು. ಇವರಿಗೆ ಅಭಿಮಾನಿ ಅಂತ ಇರೋದು ಒಬ್ಬಳೇ, ಮೆಲ್. ಕ್ರಿಸ್ಟನ್ ಶಾಲ್ ಮಾಡಿದ ಈ ಪಾತ್ರ ಇವರನ್ನ ನೆರಳಿನ ಹಾಗೆ ಹಿಂಬಾಲಿಸುತ್ತೆ. ಆಗ ಇಡೀ ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 42 ಲಕ್ಷ, ಅಂದ್ರೆ ಆಗಿನ ಬೆಂಗಳೂರಿಗಿಂತ ಕಡಿಮೆ. ದೊಡ್ಡೂರಿನಲ್ಲಿ ಚಿಕ್ಕೂರಿನವರು ಮುದುಡಿಕೊಂಡು ನಿಲ್ಲೋ ಆ ಸಂಕೋಚವೇ ಸರಣಿಯ ಅರ್ಧ ತಮಾಷೆ.

ಇನ್ನರ್ಧ ಹಾಡು. ಕಥೆ ನಿಲ್ಲಿಸಿ ಹಾಡು ಹಾಡೋದು ನಮಗೇನು ಹೊಸದಲ್ಲ. ಕಂಪನಿ ನಾಟಕದಿಂದ ಹಿಡಿದು ಸಿನಿಮಾವರೆಗೆ ನಾವು ಬೆಳೆದಿದ್ದೇ ಹಾಗೆ. ನಮ್ಮ ಹೀರೋ ಹಾಡು ಶುರುವಾದ್ರೆ ಸ್ವಿಟ್ಜರ್ಲೆಂಡಿಗೆ ಹೋಗ್ತಾನೆ, ಹಾಡು ಮುಗಿಯೋಷ್ಟರಲ್ಲಿ ಹೀರೋಯಿನ್ ಮನಸ್ಸು ಗೆದ್ದಿರ್ತಾನೆ. ಇಲ್ಲಿ ಹಾಗಲ್ಲ. ಮಾತಾಡೋವಾಗ ಬ್ರೆಟ್, ಜೆಮೇನ್ ಇಬ್ಬರಿಗೂ ಎರಡು ವಾಕ್ಯ ಸರಿಯಾಗಿ ಬಾಯಿಗೆ ಬರಲ್ಲ. ಹಾಡು ಶುರುವಾದಾಗ ಮಾತ್ರ ಅವರು ಫಂಕ್ ಸ್ಟಾರು, ರ‍್ಯಾಪರು, ಮಹಾ ಪ್ರೇಮಿಗಳು. ಮೂರು ನಿಮಿಷ ಲೋಕವೇ ಅವರದ್ದು. ಹಾಡು ಮುಗಿದ ತಕ್ಷಣ ಅದೇ ಅಡುಗೆಮನೆ, ಅದೇ ಬಾಕಿ ಬಿಲ್ಲು. ಯಾವ ಹುಡುಗಿಯೂ ಮರುಳಾಗಿರಲ್ಲ.

ನನಗೆ ಹಿಡಿಸಿದ್ದು ಇದೇ ಲೆಕ್ಕ. ಹಾಡಿನಿಂದ ಬದುಕಿನ ಸಾಲ ತೀರುತ್ತೆ ಅಂತ ಸರಣಿ ಎಲ್ಲೂ ಸುಳ್ಳು ಹೇಳಲ್ಲ. ಆದ್ರೆ ಹಾಡು ದಂಡ ಅಂತಾನೂ ಹೇಳಲ್ಲ. ಆ ಹಾಡುಗಳು ನಿಜಕ್ಕೂ ಒಳ್ಳೇ ಹಾಡುಗಳು. ತಮಾಷೆ ತೆಗೆದ್ರೂ ರಾಗ ಉಳಿಯುತ್ತೆ. ಇವರ ಇಪಿಗೆ 2008ರಲ್ಲಿ ಅತ್ಯುತ್ತಮ ಕಾಮಿಡಿ ಆಲ್ಬಮ್ ವಿಭಾಗದ ಗ್ರ್ಯಾಮಿ ಬಂತು. ಅದೇ ವರ್ಷದ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಹೋಯ್ತು. ತೆರೆ ಮೇಲೆ ಒಬ್ಬಳೇ ಅಭಿಮಾನಿ, ತೆರೆ ಹಿಂದೆ ಲಕ್ಷಾಂತರ ಕೇಳುಗರು.

ಈಗ ಕಷ್ಟದ ಭಾಗಕ್ಕೆ ಬರೋಣ. ಒಂದು ಎಪಿಸೋಡಿಗೆ ಎರಡೋ ಮೂರೋ ಹಾಡು ಬೇಕು. ಮೊದಲ ಸೀಸನ್ನಿನ 12 ಎಪಿಸೋಡಿಗೆ ಹೆಚ್ಚಿನ ಹಾಡು ಗೋಡೌನಿನಲ್ಲೇ ಇತ್ತು. ವರ್ಷಗಟ್ಟಲೆ ಸ್ಟೇಜಿನ ಮೇಲೆ ಹಾಡಿ, ಜನ ಎಲ್ಲಿ ನಗ್ತಾರೆ ಅಂತ ನೋಡಿ ತಿದ್ದಿದ ಸರಕು ಅದು. 2009ರ ಜನವರಿಯಲ್ಲಿ ಶುರುವಾದ ಎರಡನೇ ಸೀಸನ್ನಿಗೆ ಆ ಸ್ಟಾಕು ಇರಲಿಲ್ಲ. ಚಿತ್ರಕಥೆ ಬರೀತಾ, ನಟಿಸ್ತಾ, ಡೆಡ್‌ಲೈನ್ ಎದುರಿಗಿಟ್ಟುಕೊಂಡು ಹೊಸದಾಗಿ ಹಾಡು ಹೊಸೀಬೇಕಾಯ್ತು. ಆ ವರ್ಷ ಅತ್ಯುತ್ತಮ ಕಾಮಿಡಿ ಸರಣಿ ವಿಭಾಗದ ಎಮ್ಮಿಗೆ ನಾಮನಿರ್ದೇಶನವೂ ಬಂತು. ಬೇರೆ ಯಾರೇ ಆಗಿದ್ರೂ ಮೂರನೇ ಸೀಸನ್ನಿಗೆ ಸಹಿ ಹಾಕ್ತಿದ್ರು. ಇವರು 2009ರ ಡಿಸೆಂಬರ್‌ನಲ್ಲಿ ಸಾಕು ಅಂದ್ರು. ಚಾನೆಲ್ ಹೊರಗೆ ಹಾಕಿದ್ದಲ್ಲ, ಇವರೇ ಎದ್ದು ಬಂದಿದ್ದು.

ಆಮೇಲೇನು ಹಾಳಾಗಲಿಲ್ಲ. ಬಾಬಿನ್ ನಿರ್ದೇಶಿಸಿದ 'ದಿ ಮಪೆಟ್ಸ್' ಸಿನಿಮಾದ ಹಾಡಿಗೆ 2012ರಲ್ಲಿ ಬ್ರೆಟ್‌ಗೆ ಆಸ್ಕರ್ ಬಂತು. ಜೆಮೇನ್ ಟೈಕಾ ವೈಟಿಟಿ ಜೊತೆ ಸೇರಿ ರಕ್ತಪಿಶಾಚಿಗಳ ಕಾಮಿಡಿ ಸಿನಿಮಾ ಮಾಡಿದ್ರು. 2018ರಲ್ಲಿ ಇಬ್ಬರೂ ಮತ್ತೆ ಜೊತೆಯಾಗಿ ಲಂಡನ್ನಿನಲ್ಲಿ ಹಾಡಿದ ಕಾರ್ಯಕ್ರಮವನ್ನ ಎಚ್‌ಬಿಒ ಪ್ರಸಾರ ಮಾಡ್ತು.

ಪ್ರತಿ ವಾರ ಎಪಿಸೋಡ್ ಹಾಕಬೇಕು, ಇಲ್ಲಾಂದ್ರೆ ಜನ ಮರೀತಾರೆ ಅಂತ ನಮ್ಮಂಥವರಿಗೆ ಎಲ್ಲರೂ ಹೇಳ್ತಾರೆ. ಆ ಭಯಕ್ಕೆ ಹೇಳೋಕೆ ಏನೂ ಇಲ್ಲದೆ ಇದ್ದಾಗಲೂ ಮೈಕ್ ಆನ್ ಮಾಡಿದ ವಾರಗಳು ನನಗೂ ಇವೆ. ಕೇಳಿದೋರಿಗೆ ಅದು ಗೊತ್ತಾಗಿರುತ್ತೆ, ಕ್ಷಮಿಸಿ. ಸ್ಟಾಕು ಖಾಲಿ ಆದಾಗ ಅಂಗಡಿ ಬಾಗಿಲು ಎಳೆಯೋದು ನಷ್ಟವಲ್ಲ, ಗಿರಾಕಿಗೆ ಕೊಡೋ ಮರ್ಯಾದೆ ಅಂತ ಈ ಇಬ್ಬರಿಂದ ಕಲಿತೆ.

ಹಾಗಾಗಿ ಮುಂದಿನ ವಾರ ಎಪಿಸೋಡ್ ಇರಲ್ಲ. ಓದೋದು ಬಾಕಿ ಇದೆ. ಅದರ ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಆ ಕಪ್ಪಿನ ಎಪಿಸೋಡ್ ಹುಡುಕಿ ನೋಡಿ. ಟೀ ಕುಡೀತಾ ನೋಡಿದ್ರೆ ಇನ್ನೂ ಒಳ್ಳೇದು.