ಬೀಬ್ ಮತ್ತು ಕ್ಲೆಗ್: ರೈಲುಪ್ರೇಮಿಗಳ ಸಹಬಾಳ್ವೆ

ನ್ಯೂಯಾರ್ಕಿನ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಅಂಕಣಕಾರರಾಗಿದ್ದ ಲೂಷಿಯಸ್ ಬೀಬ್ (1902–1966) ಅವರು 1940ರ ದಶಕದ ಆರಂಭದಲ್ಲಿ ಛಾಯಾಗ್ರಾಹಕ ಚಾರ್ಲ್ಸ್ ಕ್ಲೆಗ್ ಅವರ ಸಂಗಾತಿಯಾದರು. ಆ ಬಾಂಧವ್ಯ ಬೀಬ್ ಅವರ ಮರಣದವರೆಗೂ ಉಳಿಯಿತು. ಸಲಿಂಗ ಲೈಂಗಿಕ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಅಮೆರಿಕದಲ್ಲಿ ಮೊದಲು ಕೈಬಿಟ್ಟ ಇಲಿನಾಯ್ ರಾಜ್ಯದ ಕಾನೂನು 1962ರಲ್ಲಷ್ಟೇ ಜಾರಿಗೆ ಬಂದುದನ್ನು ನೆನೆದರೆ, ಒಂದೇ ಮನೆಯಲ್ಲಿ ಬಾಳಿ, ಗ್ರಂಥಗಳ ಮೇಲೆ ಇಬ್ಬರ ಹೆಸರನ್ನೂ ಜೊತೆಯಾಗಿ ಅಚ್ಚು ಹಾಕಿಸಿದ ಅವರ ಧೈರ್ಯ ಎಂಥದೆಂಬುದು ಅರಿವಾಗುತ್ತದೆ.

1947ರಲ್ಲಿ ಪ್ರಕಟವಾದ ‘ಮಿಕ್ಸೆಡ್ ಟ್ರೇನ್ ಡೈಲಿ’ ಈ ಜೋಡಿಯ ಮುಖ್ಯ ಕೃತಿ. ಪ್ರಯಾಣಿಕರ ಡಬ್ಬಿಗಳನ್ನೂ ಸರಕಿನ ಡಬ್ಬಿಗಳನ್ನೂ ಒಂದೇ ಎಂಜಿನ್ ಎಳೆಯುವ ಗಾಡಿಗೆ ಮಿಶ್ರ ರೈಲು ಎನ್ನುತ್ತಾರೆ. ದೊಡ್ಡ ಕಂಪನಿಗಳ ಜಾಲದ ಅಂಚಿನಲ್ಲಿ ಅಂಥ ಗಾಡಿಗಳನ್ನು ಓಡಿಸುತ್ತಿದ್ದ ಕಿರುಮಾರ್ಗಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ, ಬೀಬ್ ಅವರ ಬರಹವೂ ಕ್ಲೆಗ್ ಅವರ ಚಿತ್ರಗಳೂ ಅವುಗಳನ್ನು ದಾಖಲಿಸಿದವು. ಮುಂದೆ ನೆವಾಡದ ಬೆಳ್ಳಿಗಣಿಗಳ ಊರಾದ ವರ್ಜೀನಿಯಾ ಸಿಟಿಯಲ್ಲಿ ನೆಲೆಸಿದ ಇವರು, ಹಿಂದೊಮ್ಮೆ ಮಾರ್ಕ್ ಟ್ವೇನ್ ದುಡಿದಿದ್ದ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಪತ್ರಿಕೆಗೆ 1952ರಲ್ಲಿ ಮರುಜೀವ ನೀಡಿದರು.

ಬೀಬ್ ಅವರನ್ನು ಬರಿಯ ವಿಲಾಸಪ್ರಿಯರೆಂದು ಕಾಣುವುದು, ಕ್ಲೆಗ್ ಅವರನ್ನು ಕೇವಲ ಸಹಾಯಕರೆಂದು ಬದಿಗಿಡುವುದು ಎರಡೂ ಅನ್ಯಾಯ. ಅವರು ಜೊತೆಯಾಗಿ ಪ್ರಯಾಣಿಸುತ್ತಿದ್ದ ಖಾಸಗಿ ಬೋಗಿ ‘ಗೋಲ್ಡ್ ಕೋಸ್ಟ್’ ಈಗ ಸ್ಯಾಕ್ರಮೆಂಟೊದ ಕ್ಯಾಲಿಫೋರ್ನಿಯಾ ರಾಜ್ಯ ರೈಲ್ವೆ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.