ಕವಾತು, ಕವಾಯತು: ಕೊಯಮತ್ತೂರು ಸೀಮೆಯ ಮಲ್ಲಿಗೆ ಬೆಳೆಗಾರರ ಅರಿವು

ಕನ್ನಡ ಎಂ.ಎ. ಓದುವವರಿಗೆ ಕೊಯಮತ್ತೂರಿನ ಹೂತೋಟದಲ್ಲೇನು ಕೆಲಸ ಅಂತ ನೀವು ಕೇಳಬಹುದು. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಇದ್ದದ್ದು ಕೊಯಮತ್ತೂರು ಜಿಲ್ಲೆಯಲ್ಲೇ. ಮಲ್ಲಿಗೆಗೆ ಹೆಸರಾದ ಸತ್ಯಮಂಗಲವೂ ಆಗ ಅದೇ ಜಿಲ್ಲೆಯಲ್ಲಿತ್ತು. 1979ರಲ್ಲಿ ಈರೋಡು, 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಗಳಾದವು.

ಸೈದಾಪೇಟೆಯ ಕೃಷಿ ಕಾಲೇಜು 1906ರಲ್ಲಿ ಕೊಯಮತ್ತೂರಿಗೆ ಬಂತು, 1971ರಲ್ಲಿ ಅಲ್ಲೇ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಆಯಿತು. ಗುಂಡುಮಲ್ಲಿಗೆಗೆ ಅದು ಕೊಡುವ ಶಿಫಾರಸು ಇಷ್ಟು: ನವೆಂಬರ್ ಕೊನೆಯ ವಾರದಲ್ಲಿ ಗಿಡವನ್ನು ನೆಲದಿಂದ ಸುಮಾರು 50 ಸೆಂ.ಮೀ. ಎತ್ತರಕ್ಕೆ ಸವರಬೇಕು. ಮೊಗ್ಗು ಕಟ್ಟುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಸಲಹೆ ಸರಿಯಾದದ್ದೇ. ಹೀಗೆ ಸವರುವುದಕ್ಕೆ ತಮಿಳಿನಲ್ಲಿ ಕವಾತು ಅಂತಾರೆ. ಪೊಲೀಸರ ಡ್ರಿಲ್ಲಿಗೂ ಅಲ್ಲಿ ಅದೇ ಮಾತು, ನಮ್ಮ ಕವಾಯತು ಇದ್ದ ಹಾಗೆ.

ರೈತರ ತಿಳಿವಳಿಕೆಯನ್ನು ಅಳೆಯುವ ಸಮೀಕ್ಷೆಗಳಿಗೆ ಬೇರು ಅಮೆರಿಕದಲ್ಲಿದೆ. ಅಯೋವಾದ ಹೈಬ್ರಿಡ್ ಮೆಕ್ಕೆಜೋಳದ ಬಗ್ಗೆ ರಯಾನ್ ಮತ್ತು ಗ್ರಾಸ್ 1943ರಲ್ಲಿ ಬರೆದರು, 1962ರಲ್ಲಿ ರೋಜರ್ಸ್ ಅದನ್ನೇ ಸಿದ್ಧಾಂತವಾಗಿ ಬೆಳೆಸಿದರು. ಹೊಸ ವಿಧಾನವನ್ನು ಬೇಗ ಹಿಡಿದವರು ಮುಂದು, ತಡ ಮಾಡಿದವರು ಹಿಂದು. ಬಿತ್ತನೆ ಬೀಜಕ್ಕೆ ಈ ಲೆಕ್ಕ ಒಪ್ಪಬಹುದು. ಮಲ್ಲಿಗೆಗೆ ಒಪ್ಪುವುದಿಲ್ಲ ಅನ್ನೋದು ನನ್ನ ವಾದ.

ಅರ್ಧ ಎಕರೆಯ ಒಂದು ಮನೆ ಅಂದುಕೊಳ್ಳಿ. ಎಲ್ಲ ಗಿಡವನ್ನೂ ಒಂದೇ ವಾರ ಸವರಿದರೆ ಮುಂದಿನ ಚಳಿಗಾಲವಿಡೀ ಹೂವಿಲ್ಲ. ಮಂಜು ಬಿದ್ದು ಇಳುವರಿ ಕುಸಿಯುವ ಮಾರ್ಗಳಿ, ತೈ ತಿಂಗಳಲ್ಲೇ ಮಲ್ಲಿಗೆಯ ದರ ಏರುವುದು. ಬೇಸಿಗೆಯಲ್ಲಿ ಎಲ್ಲರ ತೋಟವೂ ಒಟ್ಟಿಗೆ ಅರಳುತ್ತದೆ, ಆಗ ದರ ಬೀಳುತ್ತದೆ, ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಲು ಕೈಗಳೂ ಸಾಲುವುದಿಲ್ಲ. ಹಾಗಾಗಿ ಆ ಮನೆಯವರು ಕಾಲುಭಾಗ ಗಿಡ ಸವರದೆ ಬಿಡುತ್ತಾರೆ. ಬರುವ ಹೂ ಬೊಗಸೆಯಷ್ಟೇ ಇರಬಹುದು, ಆದರೆ ಮನೆಗೆ ದಿನದ ಕಾಸು ತಪ್ಪುವುದಿಲ್ಲ. ಸಮೀಕ್ಷೆಯವರ ಹಾಳೆಯಲ್ಲಿ ಇದು 'ಭಾಗಶಃ ಅಳವಡಿಕೆ', ಅಂಕ ಕಡಿಮೆ. ಸಣ್ಣ ರೈತರಿಗೆ ತರಬೇತಿ ಬೇಕು ಅನ್ನುವ ತೀರ್ಮಾನ ಇಂಥ ಅಂಕಗಳಿಂದಲೇ ಹುಟ್ಟುವುದು. ಅವರ ಲೆಕ್ಕಾಚಾರ ಮಾತ್ರ ಯಾವ ಕಾಲಮ್ಮಿನಲ್ಲೂ ಕೂರುವುದಿಲ್ಲ.

ತರಬೇತಿ ಬೇಡ ಅಂತ ನಾನು ಹೇಳುತ್ತಿಲ್ಲ. ಎಲೆ ಹಳದಿಯಾದಾಗ ಅದು ಕಬ್ಬಿಣದ ಕೊರತೆಯೋ ನೀರು ನಿಂತದ್ದೋ ಅಂತ ಹೇಳುವವರು ಬೇಕೇ ಬೇಕು. ಆದರೆ ಪ್ರಶ್ನಾವಳಿಯಲ್ಲಿ 'ನವೆಂಬರಿನಲ್ಲಿ ಸವರಿದಿರಾ?' ಎಂಬುದರ ಕೆಳಗೆ ಇನ್ನೊಂದು ಸಾಲು ಇರಲಿ: 'ಉಳಿದ ಗಿಡ ಯಾಕೆ ಬಿಟ್ಟಿರಿ?'